ಬೆಂಗಳೂರಿನ ಹವೆಯೂ ಸಣ್ಣ ವಿಮಾನದ ಇಂಜಿನೂ

ದಂಡಿನಿಂದ ಹೊರಟು ಹಲಸೂರನ್ನು ದಾಟಿ, ಇಂದಿರಾನಗರದ ಆಚೆಗೆ ಆಗ್ನೇಯ ದಿಕ್ಕಿಗೆ ಹೋದರೆ ವಿಮಾನಪುರವೆಂಬ ಸ್ಥಳವು ಸಿಕ್ಕುತ್ತದೆ. ಆ ಹೆಸರು ಬಂದದ್ದು ಅಲ್ಲಿನ ಕಾರ್ಖಾನೆಯಿಂದ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ 1940ನೆಯ ಇಸವಿ ಡಿಸೆಂಬರು 23ರಂದು ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ಅಲ್ಲಿ ನೆಲೆಗೊಂಡಿತು. 1941ರಲ್ಲಿ ಅಮೆರಿಕದ ಹಾರ್ಲೋ ಮಾದರಿಯ ತರಬೇತಿನ ವಿಮಾನವೊಂದನ್ನು ಅಲ್ಲಿ ಜೋಡಿಸಿ ಹಾರಿಸಿದರು. 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೇನೆಯವರ ಆಡಳಿತಕ್ಕೆ ಬಂದು, 84ನೆಯ ವಿಮಾನ ಡಿಪೋ ಎಂಬ ಹೆಸರಿನಿಂದ ನಡೆಯಿತು. ಯುದ್ಧದಲ್ಲಿ ದಣಿದು ಬಂದ ಇಂಜಿನುಗಳನ್ನು ಬಿಚ್ಚಿ, ತೊಳೆದು, ಅಳೆದು, ಸವೆದುದನ್ನು ಬದಲಿಸಿ ಮತ್ತೆ ಜೋಡಿಸುವ ವಿದ್ಯೆಯು ನಮ್ಮ ಪೂರ್ವದ ಬಡಾವಣೆಗಳಲ್ಲಿ ಬೇರೂರಿದ್ದು ಆ ವರ್ಷಗಳಲ್ಲಿಯೇ.

ಸ್ವಾತಂತ್ರ್ಯ ಬಂದ ತರುವಾಯ ಇಲ್ಲಿಯೇ ರೂಪಿಸಿದ ಸಣ್ಣ ವಿಮಾನಗಳು ಹೊರಬಂದವು. ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಸಿದ್ಧವಾದ ಎಚ್.ಟಿ. 2 ಎಂಬ ತರಬೇತಿನ ವಿಮಾನವು 1951ನೆಯ ಆಗಸ್ಟಿನಲ್ಲಿ ಮೊದಲು ಹಾರಿತು. ಕ್ಲಬ್ಬುಗಳಲ್ಲಿ ಹಾರುವುದನ್ನು ಕಲಿಯುವವರಿಗಾಗಿ ಮಾಡಿದ ಪುಷ್ಪಕವು 1958ನೆಯ ಸೆಪ್ಟೆಂಬರಿನಲ್ಲಿ ಹಾರಿತು. ಮೊದಲನೆಯದಕ್ಕೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಇಂಜಿನು. ಎರಡನೆಯದಕ್ಕೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಇಂಜಿನು. ಎರಡಕ್ಕೂ ನಾಲ್ಕೇ ಸಿಲಿಂಡರುಗಳು, ಎರಡನ್ನೂ ತಣಿಸತಕ್ಕದ್ದು ಎದುರುಗಾಳಿ. ಇಂಥ ಇಂಜಿನುಗಳನ್ನು ನಡೆಸುವವರೂ ಕಾಪಾಡುವವರೂ ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಬೇಕೆಂದು ನನ್ನ ಉದ್ದೇಶ.

ಇಂಜಿನು ಆಕಾಶದಲ್ಲಿ ನಿಂತುಹೋಯಿತೆಂದು ಕೇಳಿದೊಡನೆ, ಒಳಗಿನ ಯಾವುದೋ ಲೋಹದ ಭಾಗ ಮುರಿದಿರಬೇಕೆಂದು ನಾವು ಊಹಿಸುತ್ತೇವೆ. ಮುರಿಯುವುದೂ ಉಂಟು. ಆದರೆ ಗಾಳಿಯೋ ಪೆಟ್ರೋಲೋ ಕಿಡಿಯೋ ತಕ್ಕ ಕಾಲಕ್ಕೆ ತಕ್ಕ ಪ್ರಮಾಣದಲ್ಲಿ ಒದಗದೆ, ಗಟ್ಟಿಮುಟ್ಟಾದ ಇಂಜಿನು ಹಸಿವಿನಿಂದ ನಿಲ್ಲುವುದು ಬಹು ಸಾಮಾನ್ಯ. ಈ ಹಸಿವಿಗೆ ನಮ್ಮ ಊರಿನ ಹವೆಯೂ ಕಾರಣವಾಗಬಲ್ಲದೆಂಬುದು ಅನೇಕರಿಗೆ ಹೊಸ ಮಾತಾಗಿರಬಹುದು. ತಂಪಾದ ಹವೆಯನ್ನು ಮೆಚ್ಚಿ ಎಷ್ಟೋ ಮಂದಿ ಪಿಂಚಣಿದಾರರು ದಂಡಿನ ಸುತ್ತಮುತ್ತ ಬಂಗಲೆಗಳನ್ನು ಕಟ್ಟಿಸಿಕೊಂಡರು. ಮನುಷ್ಯನಿಗೆ ಹಿತವಾದ ಆ ಹವೆಯು ಇಂಜಿನಿಗೂ ಹಿತವೆಂದು ಹೇಳುವಂತಿಲ್ಲ.

ಮೊದಲು ಎತ್ತರದ ಮಾತು. ವಿಮಾನಪುರದ ನಿಲ್ದಾಣವು ಸಮುದ್ರಮಟ್ಟದಿಂದ 2,900 ಅಡಿಗಿಂತ ತುಸು ಮೇಲಿದೆ. ಒಂದು ಪೌಂಡು ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 15 ಪೌಂಡು ಗಾಳಿ ಬೇಕು. ಸಮುದ್ರದ ಮಟ್ಟದಲ್ಲಿಯೂ ಅಷ್ಟು ಗಾಳಿಯು 200 ಘನ ಅಡಿಯ ಜಾಗವನ್ನು ತುಂಬುತ್ತದೆ. ಆದುದರಿಂದ ಇಂಜಿನಿನ ಮುಖ್ಯಾಹಾರ ಗಾಳಿ, ಪೆಟ್ರೋಲು ಬರಿಯ ವ್ಯಂಜನ ಎಂದರೂ ತಪ್ಪಾಗದು. ಪಿಸ್ಟನ್ನು ಒಂದು ಸಲ ಕೆಳಗಿಳಿದಾಗ ಒಳಕ್ಕೆ ಎಳೆದುಕೊಳ್ಳುವ ಗಾಳಿಯ ಗಾತ್ರ ಎಲ್ಲೆಡೆಯೂ ಒಂದೇ. ಎತ್ತರದಲ್ಲಿ ಆ ಗಾತ್ರದೊಳಗಿನ ತೂಕ ಕಡಿಮೆ. ಬಿಸಿಲೇರಿದರೆ ಗಾಳಿ ಮತ್ತಷ್ಟು ತೆಳುವಾಗುತ್ತದೆ. ಚೈತ್ರಮಾಸದ ಮಧ್ಯಾಹ್ನ ಉಷ್ಣಮಾನವು 34 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ, ಇಲ್ಲಿನ ನೆಲದ ಮೇಲಿರುವ ಇಂಜಿನು ತಾನು ಸುಮಾರು 5,900 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತದೆ. ಪುಷ್ಪಕದ 90 ಅಶ್ವಶಕ್ತಿಯಲ್ಲಿ ಆಗ ಕೈಗೆ ಸಿಕ್ಕುವುದು 75ರ ಆಸುಪಾಸು ಮಾತ್ರ. ತೆಳುವಾದ ಗಾಳಿಯಲ್ಲಿ ರೆಕ್ಕೆಗೂ ಪ್ರೊಪೆಲ್ಲರಿಗೂ ಹಿಡಿತ ಕಡಿಮೆಯಾದ್ದರಿಂದ ನಷ್ಟವು ಮೂರು ಕಡೆಯಿಂದ ಒಟ್ಟಿಗೆ ಬರುತ್ತದೆ. ಮುಂಬಯಿಯ ಕಡಲ ತೀರದಲ್ಲಿ ಹಾರಲು ಕಲಿತು ಬೆಂಗಳೂರಿಗೆ ಬಂದವನು, ಇಬ್ಬರು ಕುಳಿತು ಟ್ಯಾಂಕು ತುಂಬಿದ ವಿಮಾನವನ್ನು ಏಪ್ರಿಲ್ಲಿನ ಮಧ್ಯಾಹ್ನದಲ್ಲಿ ಏರಿಸಹೊರಟರೆ, ಓಟದ ಹಾದಿ ಏಕೆ ಇಷ್ಟು ಬೇಗ ಮುಗಿಯುತ್ತಿದೆ ಎಂದು ಚಿಂತಿಸಬೇಕಾಗುತ್ತದೆ.

ಇಷ್ಟಾದರೂ ಇದು ಲೆಕ್ಕ ಹಾಕಿ ಮುಂಚಿತವಾಗಿ ತಿಳಿಯಬಹುದಾದ ತೊಂದರೆ. ಕಪಟವಾದದ್ದು ಮತ್ತೊಂದಿದೆ: ಅದು ಮಂಜುಗಡ್ಡೆ.

ಬೆಂಗಳೂರಿನಲ್ಲಿ ಮಂಜುಗಡ್ಡೆಯೆ ಎಂದು ಕೇಳುವವರು ಮಣ್ಣಿನ ಹೂಜಿಯನ್ನು ಜ್ಞಾಪಿಸಿಕೊಳ್ಳಬೇಕು. ಹೂಜಿಯ ಹೊರಮೈಯಲ್ಲಿ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಕಸಿದುಕೊಳ್ಳುವುದರಿಂದ ಆ ನೀರು ತಣ್ಣಗಾಗುತ್ತದೆ. ಪೆಟ್ರೋಲು ನೀರಿಗಿಂತ ಬಹು ಬೇಗನೆ ಆವಿಯಾಗತಕ್ಕ ದ್ರವ. ಕಾರ್ಬುರೇಟರಿನ ಕಿರಿದಾದ ಕಂಠದಲ್ಲಿ ಗಾಳಿಯು ರಭಸದಿಂದ ನುಗ್ಗುವಾಗ ಹಿಗ್ಗಿ ತಣಿಯುತ್ತದೆ. ಅಲ್ಲಿಯೇ ಪೆಟ್ರೋಲು ಸಿಂಪಡಣೆಯಾಗಿ ಆವಿಯಾಗುವುದರಿಂದ ಇನ್ನೂ ತಣಿಯುತ್ತದೆ. ಎರಡೂ ಸೇರಿ ಉಷ್ಣಮಾನವು 20 ಡಿಗ್ರಿಯಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಇಳಿಯಬಲ್ಲದು. ಹೊರಗೆ 20 ಡಿಗ್ರಿಯ ಹಿತವಾದ ತಂಪು, ಜಿನುಗುವ ಮಳೆ, ತೇವ ತುಂಬಿದ ಗಾಳಿ, ಇವು ಕೂಡಿದ ಆಷಾಢದ ಬೆಳಗನ್ನು ಕಲ್ಪಿಸಿಕೊಳ್ಳಿ. ಕಂಠದೊಳಗೆ ಆಗ ಸೊನ್ನೆ ಡಿಗ್ರಿ. ಗಾಳಿಯಲ್ಲಿನ ತೇವವು ಕಂಠದ ಗೋಡೆಗೂ ಥ್ರಾಟಲಿನ ತಟ್ಟೆಗೂ ಹೆಪ್ಪಾಗಿ ಅಂಟಿಕೊಳ್ಳುತ್ತದೆ. ಹೊರಗೆ ನೀರು ಗಟ್ಟಿಯಾಗುವಷ್ಟು ಚಳಿ ಬಿದ್ದ ದಿನ ಗಾಳಿಯಲ್ಲಿ ತೇವವೇ ಕಡಿಮೆ. ಆದುದರಿಂದ ಹಿಮಾಲಯದ ಮಾಗಿಗಿಂತ ನಮ್ಮ ಮಳೆಗಾಲವೇ ಈ ವಿಷಯದಲ್ಲಿ ಹೆಚ್ಚು ಅಪಾಯಕರವಾಗಿರಬಹುದು. ಇಳಿಯುವುದಕ್ಕಾಗಿ ಥ್ರಾಟಲನ್ನು ಮುಚ್ಚಿದಾಗ ಅಪಾಯವು ಅತಿಶಯವಾಗುತ್ತದೆ, ಏಕೆಂದರೆ ತಟ್ಟೆಯ ಅಂಚಿನಲ್ಲಿ ಉಳಿಯುವ ಸಂದು ಕಿರಿದು. ಅದನ್ನು ಮುಚ್ಚಲು ಸ್ವಲ್ಪ ಹಿಮವೇ ಸಾಕು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಹೊಗೆಕೊಳವೆಯ ಸುತ್ತ ಬಿಸಿಯಾದ ಗಾಳಿಯನ್ನು ಕಾರ್ಬುರೇಟರಿಗೆ ತಿರುಗಿಸುವ ಗುಂಡಿಯೊಂದು ಚಾಲಕನ ಮುಂದೆಯೇ ಇರುತ್ತದೆ. ಹಿಮ ಕಟ್ಟುವಾಗ ಕಾಣುವ ಚಿಹ್ನೆಯೂ ಸೌಮ್ಯವಾದದ್ದು: ಕೈ ಮುಟ್ಟದಿದ್ದರೂ ಸುತ್ತಿನ ಸಂಖ್ಯೆ ನಿಮಿಷಕ್ಕೆ 2,300, 2,250, 2,200 ಎಂದು ಮೆಲ್ಲಮೆಲ್ಲನೆ ಜಾರುತ್ತದೆ. ಅನನುಭವಿಯು ಥ್ರಾಟಲನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಸಮಾಧಾನಪಟ್ಟುಕೊಳ್ಳುತ್ತಾನೆ. ಕೊನೆಗೆ ಬಿಸಿಗಾಳಿಯ ಗುಂಡಿಯನ್ನು ಎಳೆದಾಗ ಆಗುವುದೇನು? ಬಿಸಿಗಾಳಿ ತೆಳುವಾದ್ದರಿಂದ ಸುತ್ತುಗಳು ಇನ್ನೂ ಇಳಿಯುತ್ತವೆ. ಕರಗಿದ ನೀರು ಸಿಲಿಂಡರಿಗೆ ನುಗ್ಗಿ ಇಂಜಿನು ಕೆಮ್ಮುತ್ತದೆ, ನಡುಗುತ್ತದೆ. ಮದ್ದಿನಿಂದಲೇ ರೋಗ ಉಲ್ಬಣಿಸಿತೆಂದು ಹೆದರಿ ಅವನು ಗುಂಡಿಯನ್ನು ಹಿಂದಕ್ಕೆ ಒತ್ತಿಬಿಡುತ್ತಾನೆ. ಅಲ್ಲಿಗೆ ಇಂಜಿನಿನ ಕೊನೆಯ ಅವಕಾಶವೂ ಕೈತಪ್ಪುತ್ತದೆ. ಆ ಅರ್ಧ ನಿಮಿಷ ಎದೆಗೆಡದೆ ಗುಂಡಿಯನ್ನು ಪೂರ್ತಿಯಾಗಿ ಎಳೆದೇ ಇಟ್ಟರೆ ಕೆಮ್ಮು ನಿಂತು ಸುತ್ತುಗಳು ಏರತೊಡಗುತ್ತವೆ. ಇದನ್ನು ಪುಸ್ತಕದಲ್ಲಿ ಓದಿದವರು ಬಹು ಮಂದಿ. ಕಿವಿಯಲ್ಲಿ ಆ ಕೆಮ್ಮು ಕೇಳುತ್ತಿರುವಾಗ ಜ್ಞಾಪಿಸಿಕೊಳ್ಳುವವರು ಅಷ್ಟು ಮಂದಿ ಇಲ್ಲ. ಬೋಧಕನು ನೆಲದ ಮೇಲೆಯೇ ಇದನ್ನು ಹಲವು ಸಲ ಅಭ್ಯಾಸ ಮಾಡಿಸಬೇಕೆಂದು ನನ್ನ ಅಭಿಪ್ರಾಯ.

ಸಾವಿರ ಅಡಿಯ ಮೇಲೆ ಇಂಜಿನು ನಿಂತರೆ, ಸಣ್ಣ ವಿಮಾನವು ಜಾರುತ್ತ ನೆಲ ಸೇರಲು ಒಂದೂವರೆ ನಿಮಿಷಕ್ಕಿಂತ ಹೆಚ್ಚು ಕಾಲ ಹಿಡಿಯದು. ಕ್ರಮಿಸುವ ದೂರ ಹೆಚ್ಚೆಂದರೆ ಒಂದೂವರೆ ಮೈಲಿ. ಪುಷ್ಪಕವು ಮೊದಲು ಹಾರಿದ ಕಾಲದಲ್ಲಿ ಹಲಸೂರಿನಿಂದ ಕೃಷ್ಣರಾಜಪುರದವರೆಗೆ ರಾಗಿಯ ಹೊಲಗಳೂ ತೋಪುಗಳೂ ಇದ್ದುವು. ಈಗ ಆ ಒಂದೂವರೆ ಮೈಲಿಯಲ್ಲಿ ಕಾಣುವುದು ಮನೆಯ ಮಹಡಿಗಳು ಮತ್ತು ವಾಹನಗಳಿಂದ ಕಿಕ್ಕಿರಿದ ರಸ್ತೆಗಳು. 2008ನೆಯ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ ವಿಮಾನಪುರದ ಹಾದಿಯು ಉಪಯೋಗದಲ್ಲಿಯೇ ಇದೆ.

ಇನ್ನು ಪೆಟ್ರೋಲು. ಈ ಇಂಜಿನುಗಳಿಗೆ ಬೇಕಾದ ವಿಮಾನದ ಪೆಟ್ರೋಲಿಗೆ ಗುರುತಿಗಾಗಿ ಬಣ್ಣ ಕೊಟ್ಟಿರುತ್ತಾರೆ; ಈಗ ಹೆಚ್ಚಾಗಿ ಸಿಕ್ಕುವ ನೂರರ ದರ್ಜೆಯದು ತಿಳಿನೀಲಿ. ಅರ್ಧ ತುಂಬಿದ ಟ್ಯಾಂಕನ್ನು ರಾತ್ರಿ ಬಯಲಿನಲ್ಲಿ ಬಿಟ್ಟರೆ ಉಳಿದರ್ಧದಲ್ಲಿರುವ ತೇವದ ಗಾಳಿ ತಣಿದು ಒಳಗೋಡೆಯಲ್ಲಿ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಇಂಜಿನಿಗೆ ಹೋಗುವ ಕೊಳವೆ ಇರುವುದೂ ತಳದಲ್ಲಿಯೇ. ಆದಕಾರಣ ಸಂಜೆ ಟ್ಯಾಂಕನ್ನು ತುಂಬಿಡುವುದು ಮತ್ತು ಬೆಳಗ್ಗೆ ತಳದ ತೂಬಿನಿಂದ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ನೋಡುವುದು ಎಂದಿಗೂ ಬಿಡಬಾರದ ಪದ್ಧತಿ. ಇಲ್ಲಿ ಒಂದು ಮೋಸವುಂಟು. ಸ್ವಲ್ಪ ನೀರು ಬಂದರೆ ಲೋಟದ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಲೋಟದ ತುಂಬ ನೀರೇ ಬಂದಿದ್ದರೆ ಬೇರೆಯಾಗಿ ಕಾಣಲು ಏನೂ ಇರುವುದಿಲ್ಲ. ನೋಡಿದವನು ಶುದ್ಧವಾಗಿದೆಯೆಂದು ಚೆಲ್ಲಿ ಮುಂದಕ್ಕೆ ಹೋಗುತ್ತಾನೆ. ಬಣ್ಣವನ್ನು ನೋಡಿ, ವಾಸನೆಯನ್ನೂ ನೋಡಿ ಎಂದು ಹಿರಿಯ ಫಿಟ್ಟರುಗಳು ಹೇಳುವುದು ಇದಕ್ಕಾಗಿಯೇ.

ಪೆಟ್ರೋಲು ಶುದ್ಧವಾಗಿದ್ದರೂ ಇಂಜಿನನ್ನು ಮುಟ್ಟದೆ ಹೋಗಬಹುದು. ಬಾವಿಯ ಪಂಪು ಗಾಳಿ ಹಿಡಿದರೆ, ಎಷ್ಟು ತಿರುಗಿದರೂ ನೀರೆತ್ತದಿರುವುದನ್ನು ನೀವು ಕಂಡಿರಬಹುದು. ಬಿಸಿಯಾದ ಇಂಜಿನಿನ ಪಕ್ಕದಲ್ಲಿ ಹಾದುಹೋಗುವ ಕೊಳವೆಯಲ್ಲಿ ಪೆಟ್ರೋಲು ಕುದಿದು ಗುಳ್ಳೆಯಾದರೆ ಹೀಗೆಯೇ ಆಗುತ್ತದೆ. ಇದಕ್ಕೆ ಆವಿಯ ತಡೆ ಎನ್ನಬಹುದು. ಬೆಂಗಳೂರಿನಲ್ಲಿ ರೂಪಿತವಾಗಿ 1977ನೆಯ ಜನವರಿಯಲ್ಲಿ ಮೊದಲು ಹಾರಿದ ಎಚ್.ಪಿ.ಟಿ. 32 ದೀಪಕ್ ಎಂಬ ತರಬೇತಿನ ವಿಮಾನದ ಇತಿಹಾಸವನ್ನು ಇಲ್ಲಿ ದುಃಖದಿಂದ ನೆನೆಯಬೇಕಾಗಿದೆ. ಅದರದು 260 ಅಶ್ವಶಕ್ತಿಯ ಲೈಕಮಿಂಗ್ ಇಂಜಿನು. ಪೆಟ್ರೋಲನ್ನು ನೇರವಾಗಿ ಸಿಲಿಂಡರುಗಳ ಬಾಯಿಗೆ ಚಿಮ್ಮುವ ಏರ್ಪಾಡಿದ್ದುದರಿಂದ ಕಾರ್ಬುರೇಟರಿನ ಹಿಮದ ಭಯ ಅದಕ್ಕಿರಲಿಲ್ಲ. ಲಕ್ಷಾಂತರ ಗಂಟೆಗಳ ಕಾಲ ವಾಯುಸೇನೆಯ ಹೊಸಬರಿಗೆ ಅದು ಮೊದಲ ಪಾಠ ಹೇಳಿತು. ಆದರೆ ಹಾರಾಟದ ನಡುವೆ ಪೆಟ್ರೋಲಿನ ಪೂರೈಕೆ ಕಡಿದು ಇಂಜಿನು ನಿಲ್ಲುವ ವ್ಯಾಧಿಯು ಅದನ್ನು ಬೆನ್ನಟ್ಟಿತು. 2009ನೆಯ ಜುಲೈ ತಿಂಗಳಲ್ಲಿ ಇಬ್ಬರು ಬೋಧಕರು ಅಪಘಾತವೊಂದರಲ್ಲಿ ಪ್ರಾಣ ಕಳೆದುಕೊಂಡ ಮೇಲೆ ವಾಯುಸೇನೆಯವರು ಅದರ ಹಾರಾಟವನ್ನು ನಿಲ್ಲಿಸಿದರು; 2013ರಿಂದ ಆ ಸ್ಥಾನಕ್ಕೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಬಂದುವು. ಲೈಕಮಿಂಗ್ ಇಂಜಿನುಗಳು ಪ್ರಪಂಚದಲ್ಲೆಲ್ಲ ಒಳ್ಳೆಯ ಹೆಸರು ಪಡೆದವು. ಟ್ಯಾಂಕಿನಿಂದ ಇಂಜಿನಿನವರೆಗಿನ ಕೊಳವೆ, ಸೋಸುಕ, ಪಂಪು, ಇವುಗಳ ಏರ್ಪಾಡಿನಲ್ಲಿ ಕೊರತೆಯಿದ್ದರೆ ಇಂಜಿನಿನ ಸಾಮರ್ಥ್ಯವೊಂದೇ ಚಾಲಕನನ್ನು ಕಾಪಾಡಲಾರದು.

ಕಿಡಿಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ಗುಗಳು. ಅವಕ್ಕೆ ಕಿಡಿ ಕೊಡಲು ಪರಸ್ಪರ ಸಂಬಂಧವಿಲ್ಲದ ಎರಡು ಮ್ಯಾಗ್ನೆಟೋಗಳು. ಹಾರುವ ಮುಂಚೆ ಒಂದೊಂದನ್ನೇ ಆರಿಸಿ ನೋಡಿದಾಗ ಸುತ್ತುಗಳು ತುಸು ಇಳಿಯತಕ್ಕದ್ದು. ಬಹಳ ಇಳಿದರೆ ದೋಷವೆಂದು ಎಲ್ಲರಿಗೂ ಗೊತ್ತು. ಸ್ವಲ್ಪವೂ ಇಳಿಯದಿದ್ದರೆ ಎಷ್ಟು ಚೆನ್ನಾಗಿದೆಯೆಂದು ಹಿಗ್ಗುವವರುಂಟು. ಇಳಿಯದಿದ್ದರೆ ಸ್ವಿಚ್ಚು ಆರಿಸಿದ್ದರೂ ಆ ಮ್ಯಾಗ್ನೆಟೋ ಆರಿಲ್ಲವೆಂದು ಶಂಕಿಸಬೇಕು. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೂ ಕಿಡಿ ಹುಟ್ಟಬಹುದು. ಸ್ವಿಚ್ಚಿನ ತಂತಿಯೊಂದು ಸಡಿಲವಾಗಿದ್ದ ಮಾತ್ರಕ್ಕೆ, ನಿಶ್ಚಲವಾಗಿ ನಿಂತ ಪ್ರೊಪೆಲ್ಲರು ತನ್ನನ್ನು ಒರಸುತ್ತಿದ್ದವನ ಕೈಯನ್ನು ಕತ್ತರಿಸಬಲ್ಲದು.

ಪುಷ್ಪಕದ ಇಂಜಿನಿಗೆ ವಿದ್ಯುತ್ತಿನ ಸ್ಟಾರ್ಟರು ಇರಲಿಲ್ಲ. ಪ್ರೊಪೆಲ್ಲರನ್ನು ಕೈಯಿಂದಲೇ ತಿರುವಿ ಹೊರಡಿಸಬೇಕಾಗಿತ್ತು. ಒಬ್ಬನು ಒಳಗೆ, ಒಬ್ಬನು ಮುಂದೆ. ಹೊರಗಿನವನು ಕೂಗಿ ಕೇಳಿದ್ದಕ್ಕೆ ಒಳಗಿನವನು ಅದೇ ಮಾತನ್ನು ಮತ್ತೆ ಕೂಗಿ ಉತ್ತರಿಸಬೇಕು; ಅನಂತರವೇ ಕೈ ಹಾಕುವುದು. ಬೆರಳುಗಳನ್ನು ಅಂಚಿಗೆ ಸುತ್ತಿ ಹಿಡಿಯದೆ ಅಂಗೈಯಿಂದ ಎಳೆದು, ಎಳೆದ ಚಲನೆಯಲ್ಲಿಯೇ ಮೈಯನ್ನು ಹಿಂದಕ್ಕೆ ಸರಿಸುವುದು ಅದರ ಕ್ರಮ. ಎಚ್.ಟಿ. 2ರ ಇಂಜಿನಿಗೆ ಬೇರೊಂದು ಎಚ್ಚರಿಕೆ ಬೇಕಿತ್ತು. ಅದರ ಸಿಲಿಂಡರುಗಳು ತಲೆಕೆಳಗಾಗಿ ನೇತಾಡುತ್ತವೆ. ರಾತ್ರಿಯೆಲ್ಲ ನಿಂತಿದ್ದಾಗ ಎಣ್ಣೆಯು ಪಿಸ್ಟನ್ನಿನ ಉಂಗುರಗಳ ಸಂದಿನಿಂದ ಜಿನುಗಿ ಸಿಲಿಂಡರಿನ ತಲೆಯಲ್ಲಿ ಸೇರಿಕೊಳ್ಳಬಹುದು. ಗಾಳಿಯನ್ನು ಅಮುಕಬಹುದು, ಎಣ್ಣೆಯನ್ನು ಅಮುಕಲಾಗದು. ಹಾಗೆಯೇ ಹೊರಡಿಸಿದರೆ ಒಳಗಿನ ದಂಡವೇ ಬಾಗುತ್ತದೆ. ಆದುದರಿಂದ ಇಂಥ ಇಂಜಿನನ್ನು ಬೆಳಗ್ಗೆ, ಸ್ವಿಚ್ಚುಗಳು ಆರಿವೆಯೆಂದು ನೋಡಿಕೊಂಡು, ಕೈಯಿಂದ ಮೆಲ್ಲನೆ ಕೆಲವು ಸುತ್ತು ತಿರುಗಿಸತಕ್ಕದ್ದು. ಬಿಗಿ ಕಂಡರೆ ಬಲಪ್ರಯೋಗ ಕೂಡದು. ಪ್ಲಗ್ಗನ್ನು ಬಿಚ್ಚಿ ಎಣ್ಣೆಯನ್ನು ಹರಿಯಬಿಡಬೇಕು.

ಪ್ರೊಪೆಲ್ಲರನ್ನು ನಾವು ಬೀಸಣಿಗೆಯಂತೆ ಭಾವಿಸುತ್ತೇವೆ. ವಾಸ್ತವವಾಗಿ ಅದು ತಿರುಗುವ ರೆಕ್ಕೆ. ಆರು ಅಡಿ ವ್ಯಾಸದ ಪ್ರೊಪೆಲ್ಲರು ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಅದರ ತುದಿಯು ಸೆಕೆಂಡಿಗೆ 750 ಅಡಿ, ಎಂದರೆ ಗಂಟೆಗೆ 510 ಮೈಲಿಗೂ ಮೀರಿದ ವೇಗದಿಂದ ಸಾಗುತ್ತದೆ. ಆ ವೇಗದಲ್ಲಿ, ತುದಿಯಲ್ಲಿರುವ ಒಂದು ತೊಲ ತೂಕದ ಚೂರು ಹೊರಕ್ಕೆ ಎಳೆಯುವ ಸೆಳೆತವೆಷ್ಟೆಂದು ಲೆಕ್ಕ ಮಾಡಿದರೆ ಸುಮಾರು 150 ಪೌಂಡು ಬರುತ್ತದೆ. ಅದು ಒಬ್ಬ ಆಳಿನ ಭಾರ. ಓಟದ ಹಾದಿಯಿಂದ ಎದ್ದ ಬೆಣಚುಕಲ್ಲು ಲೋಹದ ಅಲಗಿನ ಮುಂಚೂಣಿಗೆ ತಾಗಿ ಗೋಧಿಕಾಳಿನಷ್ಟು ಕಚ್ಚು ಮಾಡಿದರೆ, ಈ ಸೆಳೆತದ ಒತ್ತಡವೆಲ್ಲ ಕಚ್ಚಿನ ಬುಡಕ್ಕೆ ಬಂದು ಸೇರುತ್ತದೆ. ಬಟ್ಟೆಯ ಅಂಚಿಗೆ ಸಣ್ಣ ಕತ್ತರಿ ಹಾಕಿದರೆ ಸಲೀಸಾಗಿ ಹರಿಯುವುದಿಲ್ಲವೆ, ಹಾಗೆ. ಬಿರುಕು ಮುಂದುವರಿದು ತುದಿಯ ಕೆಲವು ಅಂಗುಲ ಹಾರಿಹೋದರೆ, ಉಳಿದ ಭಾಗದ ತೂಕ ತಪ್ಪಿ ಆಗುವ ಅಲುಗಾಟವು ಇಂಜಿನನ್ನೇ ಅದರ ಕಟ್ಟಿನಿಂದ ಕಿತ್ತುಹಾಕಬಲ್ಲದು. ಕಚ್ಚನ್ನು ನುಣ್ಣನೆಯ ಅರದಿಂದ ತಗ್ಗಾದ ಬಟ್ಟಲಿನಂತೆ ಉಜ್ಜಿ ಚೂಪನ್ನು ಅಳಿಸುವುದು ಇದಕ್ಕೆ ಉಪಾಯ. ಎಷ್ಟು ಉಜ್ಜಬಹುದೆಂಬುದಕ್ಕೆ ಮಿತಿಯಿದೆ. ಉಜ್ಜುವ ಅಧಿಕಾರ ಸನ್ನದು ಪಡೆದವರಿಗೆ ಮಾತ್ರ.

ಮರದ ಪ್ರೊಪೆಲ್ಲರಿಗೆ ಮತ್ತೆ ನಮ್ಮ ಹವೆಯೇ ಗಂಟು ಬೀಳುತ್ತದೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಫಾಲ್ಗುಣದ ಒಣಹವೆಯಲ್ಲಿ ಕುಗ್ಗುತ್ತದೆ. ಕುಗ್ಗಿದಾಗ ಅದನ್ನು ಹಿಡಿದ ಬೋಲ್ಟುಗಳು ಸಡಿಲವಾಗುವುದರಿಂದ ಋತು ಬದಲಾದಾಗಲೆಲ್ಲ ಬಿಗಿಯನ್ನು ಪರೀಕ್ಷಿಸಬೇಕು. ವಿಮಾನವನ್ನು ನಿಲ್ಲಿಸುವಾಗ ಮರದ ಪ್ರೊಪೆಲ್ಲರನ್ನು ಅಡ್ಡಡ್ಡಲಾಗಿ ಇಡುತ್ತಾರೆ. ನೆಟ್ಟಗೆ ನಿಲ್ಲಿಸಿದರೆ ತೇವವು ಕೆಳಗಿನ ಅಲಗಿಗೆ ಇಳಿದು ತೂಕದಲ್ಲಿ ಏರುಪೇರಾಗುತ್ತದೆ.

ಹಾರದೆ ನಿಂತ ಇಂಜಿನಿನ ವಿಚಾರವೊಂದು ಉಳಿದಿದೆ. ದುಡಿದಷ್ಟೂ ಸವೆಯುತ್ತದೆ, ಸುಮ್ಮನಿದ್ದರೆ ಬಾಳುತ್ತದೆ ಎಂದು ಲೋಕದ ನಂಬಿಕೆ. ಈ ಇಂಜಿನುಗಳ ಆಯುಸ್ಸನ್ನು ಒಂದು ಕೂಲಂಕಷ ದುರಸ್ತಿಯಿಂದ ಮತ್ತೊಂದಕ್ಕೆ ಇಷ್ಟು ಗಂಟೆಯೆಂದು ತಯಾರಕರು ಗೊತ್ತುಮಾಡುತ್ತಾರೆ. ಅದರ ಜೊತೆಗೆ ಇಷ್ಟು ವರ್ಷವೆಂದೂ ಹೇಳುತ್ತಾರೆ. ವರ್ಷದ ಲೆಕ್ಕ ಇರುವುದು ತುಕ್ಕಿಗಾಗಿ. ಒಂದು ಗ್ಯಾಲನ್ ಪೆಟ್ರೋಲು ಉರಿದಾಗ ಹೆಚ್ಚುಕಡಮೆ ಒಂದು ಗ್ಯಾಲನ್ ನೀರು ಹುಟ್ಟುತ್ತದೆ. ಬಹುಭಾಗವು ಹೊಗೆಯೊಡನೆ ಹೋದರೂ ಸ್ವಲ್ಪ ಉಂಗುರಗಳನ್ನು ದಾಟಿ ಎಣ್ಣೆಗೆ ಬೆರೆಯುತ್ತದೆ. ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಹಾರಿದರೆ ಎಣ್ಣೆ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಮಳೆಯೆಂದು ಹಾರದೆ, ಇಂಜಿನಿಗೆ ವ್ಯಾಯಾಮವಾಗಲೆಂದು ವಾರಕ್ಕೊಮ್ಮೆ ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ನೀರು ಹುಟ್ಟಿತು, ಹೋಗಲಿಲ್ಲ. ಪ್ರೀತಿಯಿಂದ ಮಾಡಿದ ಈ ಉಪಚಾರವೇ ಸಿಲಿಂಡರಿನ ಗೋಡೆಗೂ ಕವಾಟಗಳನ್ನು ಎತ್ತುವ ದಂಡಕ್ಕೂ ತುಕ್ಕನ್ನು ಬರಿಸುತ್ತದೆ. ಕೈಯಿಂದ ತಿರುಗಿಸಿಡುವುದರಿಂದಲೂ ಲಾಭವಿಲ್ಲ; ಗೋಡೆಗೆ ಅಂಟಿ ಉಳಿದಿದ್ದ ಎಣ್ಣೆಯ ಪೊರೆಯನ್ನು ಉಂಗುರಗಳು ಒರಸಿ ತೆಗೆಯುವುದಷ್ಟೆ ಫಲ.

ಕೆಲವು ತಿಂಗಳು ಹಾರುವ ಸಂಭವವಿಲ್ಲದಿದ್ದರೆ ಮಾಡಬೇಕಾದ ಕ್ರಮ ಬೇರೆ. ಮಾಮೂಲಿನ ಎಣ್ಣೆಯನ್ನು ಇಳಿಸಿ, ಲೋಹಕ್ಕೆ ಅಂಟಿ ನಿಲ್ಲುವ ರಕ್ಷಕ ಎಣ್ಣೆಯನ್ನು ತುಂಬಿ, ಕೊನೆಯ ಬಾರಿಗೆ ಹಾರಿಸಿ ಚೆನ್ನಾಗಿ ಕಾಯಿಸುತ್ತಾರೆ. ಬಳಿಕ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಅದೇ ಎಣ್ಣೆಯನ್ನು ಸಿಂಪಡಿಸಿ, ಪ್ಲಗ್ಗಿನ ಸ್ಥಾನದಲ್ಲಿ ತೇವ ಹೀರುವ ಹರಳು ತುಂಬಿದ ಬಿರಟೆಗಳನ್ನು ತಿರುಪುತ್ತಾರೆ. ಗಾಳಿ ಒಳಗೆ ಬರುವ ಬಾಯನ್ನೂ ಹೊಗೆ ಹೋಗುವ ಕೊಳವೆಯನ್ನೂ ಮುಚ್ಚುತ್ತಾರೆ. ಆ ಹರಳು ಒಣಗಿರುವಾಗ ನೀಲಿ. ತೇವ ಹೀರಿ ತುಂಬಿದಾಗ ನಸುಗೆಂಪಾಗುತ್ತದೆ. ನಮ್ಮ ಆಷಾಢ ಶ್ರಾವಣಗಳಲ್ಲಿ ಅದನ್ನು ಹದಿನೈದು ದಿನಕ್ಕೊಮ್ಮೆಯಾದರೂ ನೋಡಿ, ಬಣ್ಣ ತಿರುಗಿದ್ದರೆ ಬದಲಿಸಬೇಕು. ಕಡೆಯಲ್ಲಿ, ಹೊಸದಾಗಿ ಬಂದ ಹುಡುಗನು ಹಿರಿಯರ ಕಣ್ಣು ತಪ್ಪಿಸಿ ಪ್ರೊಪೆಲ್ಲರಿಗೆ ಕೈ ಹಾಕದಂತೆ, ಅಲಗಿಗೆ ಕೆಂಪು ಬಟ್ಟೆಯ ಚೀಟಿಯೊಂದನ್ನು ಕಟ್ಟಿ, ತಿರುಗಿಸಕೂಡದು ಎಂದು ದಪ್ಪ ಅಕ್ಷರದಲ್ಲಿ ಬರೆದಿಡುತ್ತಾರೆ.